ಅಟ್ಟದ ಕೊಳಗ ಮತ್ತು ಶಾಂತವೇರಿ ಗೋಪಾಲಗೌಡರು

1979ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಸಮಾಜ ಪಾಠದ ಮೇಷ್ಟ್ರು ನಮ್ಮ ಶಿವಮೊಗ್ಗ ಜಿಲ್ಲೆಯ ಒಬ್ಬ ರಾಜಕಾರಣಿಯ ಬಗ್ಗೆ ಪ್ರಬಂಧ ಬರೆದು ತರಲು ಹೇಳಿದರು. ಮಂತ್ರಿಯಾದವರ ಬಗ್ಗೆ ಬರೆಯಕೂಡದೆಂಬುದೊಂದೇ ಅವರ ಷರತ್ತು. ಮನೆಗೆ ಬಂದು ಅಜ್ಜನನ್ನು ಕೇಳಿದೆ. ಅವರು ನನ್ನನ್ನು ಅಟ್ಟಕ್ಕೆ ಹತ್ತಿಸಿ, ಭತ್ತ ಅಳೆಯುವ, ಮಸಿ ಹಿಡಿದ ಕೊಳಗವೊಂದನ್ನು ಇಳಿಸಲು ಹೇಳಿ, "ಗೋಪಾಲಗೌಡ್ರ ಬಗ್ಗೆ ಬರೀತೀಯಾದ್ರೆ ಇದ್ರಿಂದ ಶುರು ಮಾಡು" ಎಂದರು.

ಅಜ್ಜ ಸಾಗರ ಸೀಮೆಯ ಗೇಣಿದಾರರು, ಎಂದರೆ ಒಡೆಯರ ಗದ್ದೆಯನ್ನು ಉಳುತ್ತ ಬೆಳೆಯಲ್ಲಿ ಗೇಣಿ ಕೊಡುತ್ತಿದ್ದ ಒಕ್ಕಲು. ಒಕ್ಕಲಿನವನ ಮನೆಯ ಕೊಳಗ ಒಂದಾದರೆ ಗೇಣಿ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ಅದಕ್ಕಿಂತ ದೊಡ್ಡದು. ಕಣದಲ್ಲಿ ಭತ್ತ ಅಳೆಯುವಾಗ ಆಗುತ್ತಿದ್ದ ಈ ಅನ್ಯಾಯವೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹದ ಬೇರು. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ರೈತರ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ನೇಗಿಲು ಹಿಡಿದು ಗದ್ದೆಗಿಳಿದವರು ತಂಡತಂಡವಾಗಿ ಜೈಲಿಗೆ ಹೋದರು, ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನೂ ಸರ್ಕಾರ ಬಂಧಿಸಿತು. ಆ ಹೋರಾಟಕ್ಕೆ ರಾಜಕೀಯ ದನಿಯಾದವರಲ್ಲಿ ಅದೇ ಪಕ್ಷದ ಗೋಪಾಲಗೌಡರು ಮುಖ್ಯರು.

ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ 1923ರಲ್ಲಿ ಹುಟ್ಟಿದ ಅವರು, ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಸೇರಿ ಸೆರೆಮನೆ ಕಂಡವರು. 1952ರ ಮೊದಲ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಶಾಸನಸಭೆಗೆ ಆರಿಸಿಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. 1957ರಲ್ಲಿ ಸೋತರು, 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಗೆದ್ದರು. ಚುನಾವಣೆಗೆ ಬೇಕಾದ ಹಣವನ್ನೂ ಮತ ಹಾಕುವ ಜನರಿಂದಲೇ ಕೇಳುತ್ತಿದ್ದ ಅವರ 'ಒಂದು ಓಟು, ಒಂದು ನೋಟು' ನನ್ನ ಅಜ್ಜನಿಗೆ ಬಾಯಿಪಾಠವಾಗಿತ್ತು. (ಇಂದು ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆಂದು ನಾನು ಬರೆಯಬೇಕಾಗಿಲ್ಲ.)

ಗೆದ್ದ ಮೂರು ಸಲವೂ ಅವರು ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲಿ. ಅಲ್ಲಿಂದಲೇ ಉಳುವವನಿಗೆ ಭೂಮಿ ಕೇಳಿದರು, ಆಡಳಿತದಲ್ಲಿ ಕನ್ನಡ ಕೇಳಿದರು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರನ್ನು ಕೇಳಿದರು. 1972ರ ಜೂನ್ 9ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಇವುಗಳಲ್ಲಿ ಒಂದನ್ನೂ ಪೂರ್ಣವಾಗಿ ಕಾಣದೆ ತೀರಿಕೊಂಡರು. ಮರುವರ್ಷದ ನವೆಂಬರ್ 1ರಂದು ರಾಜ್ಯಕ್ಕೆ ಹೊಸ ಹೆಸರು ಬಂತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಯಾಗಿ, ನನ್ನ ಅಜ್ಜನೂ ಡಿಕ್ಲರೇಷನ್ (ಉಳುವ ಭೂಮಿಯ ಹಕ್ಕು ಕೋರುವ ಅರ್ಜಿ) ಕೊಟ್ಟು ತಾವು ಉಳುತ್ತಿದ್ದ ಗದ್ದೆಗೆ ಒಡೆಯರಾದರು. ಆ ಕಾನೂನು ಅರಸರದೇ ಎಂಬುದು ನಿಜ. ಆದರೆ ಆ ಬೇಡಿಕೆಯನ್ನು ಇಪ್ಪತ್ತು ವರ್ಷ ಆರದಂತೆ ಕಾದವರಲ್ಲಿ ಗೌಡರೂ ಒಬ್ಬರೆಂಬುದನ್ನು ಬಿಟ್ಟು ಲೆಕ್ಕ ಬರೆದರೆ ಅದು ಒಡೆಯರ ಕೊಳಗದ ಅಳತೆಯಾದೀತು. ಅವರ ಗರಡಿಯಲ್ಲಿ ಬೆಳೆದ ಸಮಾಜವಾದಿಗಳಲ್ಲಿ ಜೆ.ಎಚ್. ಪಟೇಲರೂ ಬಂಗಾರಪ್ಪನವರೂ ಮುಂದೆ ಮುಖ್ಯಮಂತ್ರಿಗಳಾದರು. ಆ ಭಾಗವನ್ನು ನನ್ನ ಪ್ರಬಂಧ ಹೇಗೂ ಕಂಡಿರಲು ಸಾಧ್ಯವಿರಲಿಲ್ಲ.

ಪ್ರಬಂಧ ತಿದ್ದಿದ ಮೇಷ್ಟ್ರು ಹತ್ತಕ್ಕೆ ಏಳು ಅಂಕ ಕೊಟ್ಟು, ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದೇ ಸಾಲು ಬರೆದಿದ್ದರು: "ನಿಮ್ಮ ಮನೆಯ ಕೊಳಗ ಎಷ್ಟು ಸೇರಿನದು?" ಅಜ್ಜನ ಒಪ್ಪಿಗೆ ಪಡೆದು, ಮರುದಿನ ಕೊಳಗವನ್ನೇ ಶಾಲೆಗೆ ಹೊತ್ತು ತಂದೆ.