ಖಾಲಿ ಚೀಲದ ತೂಕ

2025ರ ಜನವರಿ, ಸಂಕ್ರಾಂತಿ ಕಳೆದು ನಾಲ್ಕು ದಿನ. ರಜೆ ಹಾಕಿ ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಹೋಗಿದ್ದೆ. ಎಂಟು ಎಕರೆ ರೊಬಸ್ಟಾ ಕಾಫಿ. ಅಪ್ಪನಿಗೆ ಮಂಡಿನೋವು, ಇಳಿಜಾರು ಇಳಿಯೋಕಾಗಲ್ಲ. ಕುಯ್ದ ಹಣ್ಣಿನ ತೂಕಕ್ಕೇ ಕೂಲಿ, ಸಂಜೆ ಆ ತೂಕ ಬರೆಯೋ ಪುಸ್ತಕ ನನ್ನ ಕೈಗೆ ಬಂತು.

ಬೆಳಿಗ್ಗೆ ಪಕ್ಕದ ತೋಟದ ಗೌಡರು ಬಂದಿದ್ದರು. ಕಾಫಿ ಕುಡಿಯುತ್ತಾ ಅದೇ ಮಾತು. "ಆಳೇ ಸಿಗಲ್ಲ ಮಾರಾಯ. ಪುಕ್ಕಟೆ ಅಕ್ಕಿ ಕೊಟ್ಟು ನಮ್ಮೋರನ್ನ ಕೂರಿಸಿಬಿಟ್ರು. ಈ ಅಸ್ಸಾಂನೋರು ಇಲ್ದಿದ್ರೆ ಹಣ್ಣು ಗಿಡದಲ್ಲೇ ಒಣಗ್ತಿತ್ತು." ಹಣ್ಣು ಒಣಗೋ ಮಾತು ಸುಳ್ಳಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಬೀಳೋದರೊಳಗೆ ಕುಯ್ಲು ಮುಗಿಯದಿದ್ದರೆ ಬರೋ ವರ್ಷದ ಮೊಗ್ಗಿಗೂ ಪೆಟ್ಟು. ಆದರೆ ನಮ್ಮವರು ಅಕ್ಕಿ ತಿಂದು ಕೂತಿದ್ದಾರೆ ಅನ್ನೋದನ್ನು ನಾನು ಒಪ್ಪಲಾರೆ. ನಮ್ಮಜ್ಜನ ಕಾಲಕ್ಕೆ ಘಟ್ಟದ ಕೆಳಗಿನಿಂದ ಬಂದು ನಮ್ಮ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇದ್ದ ಕುಟುಂಬದ ಮಕ್ಕಳು ಇವತ್ತು ಮಂಗಳೂರು, ಬೆಂಗಳೂರಲ್ಲಿ ದುಡಿಯುತ್ತಿದ್ದಾರೆ. ಮಳೆಗಾಲದಲ್ಲಿ ಸೋರೋ ಲೈನ್ ಮನೆ ಬಿಟ್ಟು ಹೋದರು. ನಾನೂ ಊರು ಬಿಟ್ಟವನೇ. ನನ್ನನ್ನು ಯಾರೂ ಸೋಮಾರಿ ಅನ್ನಲಿಲ್ಲ.

ಅವತ್ತು ಹಗಲೆಲ್ಲಾ ಅಸ್ಸಾಂನ ಕುಯ್ಲಿನವರ ಜೊತೆಗೇ ಇದ್ದೆ. ಹನ್ನೊಂದು ಜನ. ಗಿಡದ ಬುಡಕ್ಕೆ ಟಾರ್ಪಾಲ್ ಹಾಸಿ, ಕೊಂಬೆ ಬಗ್ಗಿಸಿ, ಒಂದೇ ಸಲಕ್ಕೆ ಹಣ್ಣು ಎಳೆಯುತ್ತಾರೆ. ರೊಬಸ್ಟಾ ಅಂದಮೇಲೆ ಚಗಳಿ, ಎಲೆ ಹೆಣೆದು ಗೂಡು ಕಟ್ಟೋ ಕೆಂಪಿರುವೆ, ಇರಲೇಬೇಕು. ಒಂದು ಗೂಡು ಅಲುಗಿದರೆ ಸಾಕು, ಕುತ್ತಿಗೆ, ರೆಪ್ಪೆ, ತೋಳು ಎಲ್ಲಾ ಕಡೆ ಕಚ್ಚಿ ಹಿಡಿಯುತ್ತವೆ. ನಾನು ಅರ್ಧ ಗಂಟೆಗೆ ಸೋತೆ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಮಾತ್ರ ಗೂಡನ್ನು ಎಲೆ ಸಮೇತ ಮುರಿದು, ಕೊಡವಿ, ಬಿಳಿ ಮೊಟ್ಟೆ ತೋರಿಸಿ, ಊರಲ್ಲಿ ಇದನ್ನು ತಿನ್ನುತ್ತೇವೆ ಅಂದಳು. ನಾವೂ ಚಟ್ನಿ ಮಾಡುತ್ತೇವೆ ಅಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ಅವಳ ಅಜ್ಜಿ ಚಹಾ ತೋಟದಲ್ಲಿದ್ದವಳಂತೆ. ಬ್ರಿಟಿಷರು ಛೋಟಾ ನಾಗಪುರದ (ಈಗಿನ ಜಾರ್ಖಂಡ್) ಕಡೆಯಿಂದ ಸಾವಿರಗಟ್ಟಲೆ ಆದಿವಾಸಿಗಳನ್ನು ಅಸ್ಸಾಂ ಚಹಾ ತೋಟಗಳಿಗೆ ಸಾಗಿಸಿದ್ದೂ ಆಳಿಲ್ಲ ಅಂತಲೇ. ಅಜ್ಜಿಯ ಹಿರಿಯರು ಅಲ್ಲಿಗೆ ಬಂದರು, ಮೊಮ್ಮಗಳು ಇಲ್ಲಿಗೆ.

ಸಂಜೆ ಕಣದ ಪಕ್ಕ ತೂಕ. ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೊಕ್ಕೆಗೆ ಮೊದಲ ಚೀಲ ಸಿಕ್ಕಿಸಿದೆ, 44 ಬಂತು. "42 ಬರಿ," ಅಂದರು ಅಪ್ಪ. ಚೀಲಕ್ಕೆ ಎರಡು ಕೆಜಿ ಮುರಿಯೋದು, ಕಸ, ಎಲೆ, ಒದ್ದೆ ಅಂತ. ಬರೆದೆ. ಅವಳ ಚೀಲ ಬಂದಾಗ 41 ಇತ್ತು, 39 ಬರೆದೆ. ಅವಳು ಪುಸ್ತಕ ನೋಡಿದಳು. ಪಕ್ಕದಲ್ಲಿ ಬಿದ್ದಿದ್ದ ಖಾಲಿ ಗೊಬ್ಬರದ ಚೀಲ ಮಡಚಿ ಕೊಕ್ಕೆಗೆ ಹಾಕಿದಳು. ತಕ್ಕಡಿ ಸೊನ್ನೆ ತೋರಿಸಿತು. "ಚೀಲ ಎರಡು ಕೆಜಿ ಇಲ್ಲ," ಅಂದಳು, ಕನ್ನಡದಲ್ಲೇ. ಬೇರೇನೂ ಹೇಳಲಿಲ್ಲ. ಉಳಿದ ಹತ್ತು ಜನ ನನ್ನ ಕೈ ನೋಡುತ್ತಿದ್ದರು.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ಬಿಲ್ಡರ್‌ಗಳ ಜೊತೆ ಸಭೆಯಾದ ಬೆನ್ನಿಗೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯೋ ರೈಲು ನಿಲ್ಲಿಸಿತ್ತು, ಟೀಕೆ ಜೋರಾದ ಮೇಲೆ ಮತ್ತೆ ಬಿಟ್ಟಿತು. ಆಗ ಬೆಂಗಳೂರಲ್ಲಿ ಕೂತು ನಾನು ಸಿಟ್ಟಿನಿಂದ ಮಾತಾಡಿದ್ದೆ, ಕೆಲಸಕ್ಕೆ ಬೇಕು ಅಂತ ಮನುಷ್ಯರನ್ನು ಕಟ್ಟಿಹಾಕ್ತೀರಾ ಅಂತ. ಈಗ ಪುಸ್ತಕ ನನ್ನ ಕೈಲಿತ್ತು. ಐದು ಹೆಕ್ಟೇರ್, ಹದಿನೈದು ಕಾರ್ಮಿಕರಿಗಿಂತ ಕಡಿಮೆಯ ನಮ್ಮಂಥ ತೋಟಗಳನ್ನು ಆಗ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಮುಟ್ಟುತ್ತಿರಲಿಲ್ಲ. ಅವಳ ಪಾಲಿಗೆ ಇದ್ದದ್ದು ಈ ಪುಸ್ತಕ ಒಂದೇ.

39 ಹೊಡೆದುಹಾಕಿ 41 ಬರೆದೆ. ಮೊದಲ ಚೀಲದ್ದೂ ತಿದ್ದಿದೆ.

ರಾತ್ರಿ ಅಪ್ಪನಿಗೂ ನನಗೂ ಜೋರಾಯಿತು. "ಎಲ್ಲಾ ತೋಟದಲ್ಲೂ ಮುರೀತಾರೆ. ನೀನು ನಾಲ್ಕು ದಿನ ಇದ್ದು ಹೋಗೋನು," ಅಂದರು. ಅದೂ ನಿಜವೇ, ಬೆಲೆ ಬಿದ್ದ ವರ್ಷಗಳಲ್ಲಿ ಸಾಲ ಮಾಡಿ ತೋಟ ಉಳಿಸಿದ್ದು ಅವರು, ನಾನಲ್ಲ. ಆದರೆ ಆ ಸಲ ಕಾಫಿಗೆ ಹಿಂದೆಂದೂ ಇಲ್ಲದ ದರ ಇತ್ತು. ಬೆಲೆ ಬಿದ್ದಾಗ ಶುರುವಾದ ಮುರಿತ, ಬೆಲೆ ಏರಿದಾಗಲೂ ನಿಂತಿರಲಿಲ್ಲ. ಆಳು ಸಿಗಲ್ಲ ಅನ್ನುತ್ತೇವಲ್ಲ, ಈ ತೂಕಕ್ಕೆ, ಆ ಸೋರೋ ಲೈನಿಗೆ ಸಿಗಲ್ಲ ಅನ್ನಬೇಕು ಅಂದೆ. ಅಪ್ಪ ಎದ್ದು ಹೋದರು.

ಮಾರನೇ ಸಂಜೆ ಅವರೇ ಖಾಲಿ ಚೀಲವನ್ನು ಕೊಕ್ಕೆಗೆ ಹಾಕಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಅರ್ಧ ಕೆಜಿ ಮುರಿ, ಎಲೆ ಇರುತ್ತೆ," ಅಂದರು. ಎಲೆ ಇದ್ದದ್ದೂ ನಿಜ, ಬರೆದೆ.

ಅದಕ್ಕೂ ಹಿಂದಿನ 19 ದಿನ ಮುರಿದದ್ದರ ಲೆಕ್ಕ ಹಾಗೇ ಉಳಿದಿತ್ತು. ಹನ್ನೊಂದು ಜನ, ದಿನಕ್ಕೆ ತಲಾ ಎರಡು ಚೀಲ, ಚೀಲಕ್ಕೆ ಎರಡು ಕೆಜಿ: 836 ಕೆಜಿ. ಕೆಜಿಗೆ ಐದು ರೂಪಾಯಿ ಕೂಲಿಯಂತೆ 4,180. ಪುಸ್ತಕದ ಕೊನೇ ಹಾಳೆಯಲ್ಲಿ ಬರೆದು, ಹೆಸರು ಹೆಸರಿಗೆ ಹಂಚಿ, ಅಪ್ಪನ ಕನ್ನಡಕದ ಕೆಳಗಿಟ್ಟು ಬೆಂಗಳೂರಿಗೆ ಬಸ್ ಹತ್ತಿದೆ. ಆ ಹಾಳೆ ನೋಡಿದೆ ಅಂದರು ಫೋನಲ್ಲಿ. ಕೊಟ್ಟೆ ಅಂತ ಇನ್ನೂ ಅಂದಿಲ್ಲ.