ಮರೆತುಹೋದ ‘ಆದರೆ’

ನಿವೃತ್ತನಾಗಿ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಬದಿಯಡ್ಕದ ಮನೆಗೆ ಬಂದು ಕೂತ ಮೇಲೆ ನನಗೊಂದು ಸಂಬಳವಿಲ್ಲದ ಉದ್ಯೋಗ ಅಂಟಿಕೊಂಡಿದೆ. ಮಕ್ಕಳನ್ನು ಯಾವ ಮಾಧ್ಯಮಕ್ಕೆ ಸೇರಿಸಬೇಕೆಂದು ಕೇಳಿ ಬರುವವರಿಗೆ ಉತ್ತರ ಹೇಳುವುದು. ಮೂವತ್ತು ವರ್ಷ ಕನ್ನಡ ಮಾಷ್ಟ್ರಾಗಿದ್ದವನು ಬೇರೇನು ಹೇಳಿಯಾನು?

ಮೊದಲು ಕೇಳಿದವಳು ಪಕ್ಕದ ತೋಟದ ಮನೆಯ ಸೊಸೆ. ಅಂದು ಅಡಿಕೆ ಸುಲಿಯುತ್ತ ಅರ್ಧ ಗಂಟೆ ಮಾತನಾಡಿದ್ದೆ. ಕನ್ನಡಕ್ಕೇ ಸೇರಿಸು ಎಂದೆ, ಹಿಂದೆಯೇ ‘ಆದರೆ’ ಎಂದೂ ಎಳೆದಿದ್ದೆ. ಆಮೇಲೆ ಮದುವೆಯ ಊಟದ ಪಂಕ್ತಿಯಲ್ಲಿ, ಕುಂಬಳೆಯ ಬಸ್ಸಿನಲ್ಲಿ, ಯಕ್ಷಗಾನದ ಚೌಕಿಯ ಹೊರಗೆ ಅದೇ ಪ್ರಶ್ನೆ, ಅದೇ ಉತ್ತರ. ಪ್ರತಿ ಸಲವೂ ಮಾತು ಗಿಡ್ಡವಾಯಿತು, ಸ್ವರ ಏರಿತು. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸಿದಾಗ ಇಲ್ಲಿ ಪ್ರತಿಭಟನೆಗಳಾದವು, ನನ್ನ ಕೈಗೂ ಮೈಕ್ ಬಂತು. ಮೈಕಿನ ಮುಂದೆ ‘ಆದರೆ’ ಎನ್ನುವವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ!

ಮನಶ್ಶಾಸ್ತ್ರ ಓದುವ ಅಣ್ಣನ ಮಗಳು ಇದನ್ನು ಕೇಳಿ ನಕ್ಕಳು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೊವೆಲ್ ಮತ್ತು ಫೇಜಿಯೊ 1984ರಲ್ಲೇ ಇಂಥದ್ದನ್ನು ಪರೀಕ್ಷಿಸಿದ್ದರಂತೆ. ಒಂದು ವಿಷಯದ ಬಗ್ಗೆ ಒಮ್ಮೆ, ಮೂರು ಸಲ, ಇಲ್ಲವೇ ಆರು ಸಲ ಅಭಿಪ್ರಾಯ ಹೇಳಿಸಿದರು. ಹೆಚ್ಚು ಸಲ ಹೇಳಿದಷ್ಟೂ ಮುಂದಿನ ಉತ್ತರ ಬೇಗ ಬಂತು. 1992ರಲ್ಲಿ ಡೌನಿಂಗ್, ಜಡ್, ಬ್ರೌಯರ್ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದೇ ಪದೇ ಹೇಳಿದ ನಿಲುವು ತುದಿಯತ್ತ ಸರಿಯುತ್ತದೆಂದು ತೋರಿಸಿದರು. ಹೊಸ ಪುರಾವೆ ಏನೂ ಬೇಡ, ಸ್ವಂತ ಬಾಯಿಯೊಂದಿದ್ದರೆ ಸಾಕು. ನನಗೆ ಸ್ವಲ್ಪ ಅವಮಾನವೇ ಆಯಿತು. ಇಷ್ಟು ದಿನ ಅದನ್ನು ಅನುಭವದ ಗಟ್ಟಿತನ ಎಂದುಕೊಂಡಿದ್ದೆ.

ಕಳೆದ ವಾರ ಒಬ್ಬ ಆಟೋ ಚಾಲಕ ಮಗಳ ವಿಷಯಕ್ಕೆ ಬಂದ. ಅವನ ಪ್ರಶ್ನೆ ಮುಗಿಯುವ ಮೊದಲೇ ನಾನು ಬಾಯಿ ತೆರೆದಿದ್ದೆ. ಹೇಗೋ ತಡೆದುಕೊಂಡು, ನಾಳೆ ಬಾ ಎಂದೆ. ಅವನಿಗೆ ಆಶ್ಚರ್ಯವಾಯಿತು, ಮಾಷ್ಟ್ರಿಗೆ ಹುಷಾರಿಲ್ಲವೇ ಎಂದು ಕೇಳಿದ.

ರಾತ್ರಿ ಒಂದು ಕಾಗದ ಹಿಡಿದು ಎರಡೂ ಬದಿ ಬರೆಯಲು ಕೂತೆ. ಒಂದು ಬದಿ ಸರಸರನೆ ತುಂಬಿತು. ಇನ್ನೊಂದು ಬದಿ ಖಾಲಿ. ಅಂದು ಅಡಿಕೆ ಸುಲಿಯುವಾಗ ಹೇಳಿದ್ದ ‘ಆದರೆ’ಯ ಮುಂದೆ ಏನಿತ್ತು? ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಅಕ್ಕಿ ಆರಿಸುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದಳು: “ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದರೆ ಮಗು ಗಣಿತವನ್ನು ಯಾರಿಂದ ಕಲಿಯಬೇಕು ಎಂದು ನೀವೇ ಕೇಳಿದ್ದಿರಲ್ಲ.”