ಡ್ರೈವರ್ ವಿಲ್ ವೇಟ್

"ಹೌದೋ ತಮಾ, ಅವ್ನ ಊಟ ಎಲ್ಲಿ?" ಅಂತ ಮಾವ ಕೇಳಿದ್ದು ಈ ವಾರದ ಶುರುವಲ್ಲಿ. ಇನ್ನೂ ತಲೆಯಿಂದ ಹೋಗ್ತಾ ಇಲ್ಲ ನೋಡಿ.

ಸಿರ್ಸಿಯಲ್ಲಿ ಮಳೆಗಾಳಿಗೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ ಅಂತಾದ ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು ಘಟ್ಟ ಇಳಿದು ಕಾರವಾರ ಕೋಡಿಬಾಗದ ಮಾವನ ಮನೆಗೆ ಬಂದು ಕೂತಿದ್ದೆ. ನಂದು ಫ್ರೈಟ್ ಕೆಲಸ, ಅಂದ್ರೆ ಇಂಗ್ಲೆಂಡಿಗೆ ಸಾಮಾನು ತರಿಸ್ಕೊಳ್ಳೂವವರಿಗೆ ಯಾವ ದಾರಿ, ಯಾವ ಬಂದರು, ಎಷ್ಟು ರೇಟು, ಯಾವ ಪೇಪರ್ ಅಂತ ಲೆಕ್ಕ ಹಾಕಿ ಕೊಡೂದು. ಸಮುದ್ರದ ಮೇಲಿನ ಕೆಲಸ ಅನ್ಬಹುದು ಆದ್ರೆ ಹಡಗು ಹತ್ತಿದ್ದೇ ಇಲ್ಲ. ಅತ್ತೆಗೆ ಇದು ಕೆಲಸ ಅನ್ನೂದ್ರ ಮೇಲೇ ಡೌಟು, ಚಾ ತಂದಿಡುವಾಗೆಲ್ಲ ಸ್ಕ್ರೀನ್ ಬಗ್ಗಿ ನೋಡಿ "ಮತ್ತೆ ಅದೇ ಚೌಕಚೌಕನಾ" ಅಂತಾರೆ. ಎಕ್ಸೆಲ್ ಶೀಟಿಗೆ ಇದಕ್ಕಿಂತ ಒಳ್ಳೆ ವರ್ಣನೆ ನಾನಂತೂ ಕೇಳಿಲ್ಲ.

ಅವತ್ತಿನ ವಿಷ್ಯ ಟೈಲ್ಸು. ಇಂಗ್ಲೆಂಡಿನ ಮಧ್ಯಭಾಗದ ಒಬ್ಬ ವ್ಯಾಪಾರಿಗೆ ಸ್ಪೇನಿನ ಕಾಸ್ಟೆಯೋನ್ ಕಡೆಯಿಂದ ಟೈಲ್ಸ್ ಬರ್ಬೇಕು, ಸ್ಪೇನಿಗೆ ಅದು ನಮ್ಮ ಗುಜರಾತಿನ ಮೊರ್ಬಿ ಇದ್ದಂಗೆ, ಊರೆಲ್ಲಾ ಟೈಲ್ಸ್ ಫ್ಯಾಕ್ಟರಿ. ತರ್ಸೂಕೆ ಎರಡು ದಾರಿ. ಲಾರಿಗೆ ತುಂಬ್ಸಿ ಫ್ರಾನ್ಸ್ ಪೂರ್ತಿ ದಾಟ್ಸಿ, ಒಂದೂವರೆ ಸಾವಿರ ಕಿಲೋಮೀಟರಿಗಿಂತ ಜಾಸ್ತಿ ಓಡ್ಸಿ, ಕ್ಯಾಲೆಯಲ್ಲಿ ಲಾರಿ ಸಮೇತ ಫೆರ್ರಿ ಹತ್ಸಿ ಒಂದೂವರೆ ತಾಸಲ್ಲಿ ಇಂಗ್ಲೆಂಡಿನ ಡೋವರಲ್ಲಿ ಇಳ್ಸೂದು. ಇಲ್ಲಾಂದ್ರೆ ಪಕ್ಕದ ವೆಲೆನ್ಸಿಯಾ ಬಂದರಲ್ಲಿ ಕಂಟೇನರ್ ಹಡಗಿಗೆ ಹಾಕಿ, ಜಿಬ್ರಾಲ್ಟರ್ ಸುತ್ತಿ ಇಂಗ್ಲೆಂಡಿನ ಕಂಟೇನರ್ ಬಂದರುಗಳಾದ ಫೆಲಿಕ್ಸ್‌ಸ್ಟೋಗೋ ಲಂಡನ್ ಗೇಟ್‌ವೇಗೋ ತರ್ಸೂದು. ಮೊದಲನೇದು ಬೇಗ, ದುಬಾರಿ. ಎರಡನೇದು ನಿಧಾನ, ಸೋವಿ. ಇಷ್ಟೇ ಆಗಿದ್ರೆ ನನ್ನಂಥವ್ರಿಗೆ ಸಂಬಳ ಯಾಕೆ ಕೊಡ್ತಿದ್ರು.

ಫೋನ್ ಕಾಲಲ್ಲಿ ನಮ್ಮ ಹೊಸ ಮ್ಯಾನೇಜರ್ ಇದ್ದ. ಹುಡುಗ ಒಳ್ಳೆಯವನೇ, ಚುರುಕು, ಯಾರಿಗೂ ಜೋರು ಮಾಡಿ ಮಾತಾಡೂದಿಲ್ಲ, ಆದ್ರೆ ಶೀಟಿನ ಹೊರಗೆ ಒಂದು ಪ್ರಪಂಚ ಇದೆ ಅಂತ ಅವನಿಗೆ ಯಾರೂ ಹೇಳಿಲ್ಲ ಕಾಣ್ತದೆ. ನಾನು ಹೇಳ್ತಾ ಇದ್ದೆ, ಡೋವರ್ ಕಡೆ ರಜೆ ಸೀಸನ್ನಿನ ರಶ್ ಇರ್ತದೆ, ಕಾರುಗಳೇ ಮೈಲುಗಟ್ಲೆ ನಿಂತಿರ್ತವೆ, ಲಾರಿ ಲೇಟಾಗಬಹುದು ಅಂತ. ಅವ ನಗ್ತಾನೇ ಅಂದ, "ದಟ್ಸ್ ಓಕೆ, ಡ್ರೈವರ್ ವಿಲ್ ವೇಟ್."

ಸ್ಪೀಕರ್ ಆನ್ ಇತ್ತು. ಮಾವ ಜಗಲಿಯಲ್ಲಿ ಕವಳ ಹಾಕ್ತಾ ಕೂತಿದ್ರು. ಇಂಗ್ಲಿಷ್ ಪೂರ್ತಿ ಬರೂದಿಲ್ಲ, ಆದ್ರೆ ಡ್ರೈವರ್ ಅನ್ನೂದೂ ವೇಟ್ ಅನ್ನೂದೂ ಅವರಿಗೆ ತಿಳಿದೇ ಇರ್ತದಾ? ಲಾರಿ ಓಡ್ಸೇ ಸಂಸಾರ ಮಾಡಿದವ್ರು, ಮಂಗಳೂರಿಂದ ಬೊಂಬಾಯಿ ಲೈನು. ಕಾಲ್ ಮುಗಿಯೂದೇ ತಡ, ಬಾಯಲ್ಲಿದ್ದ ಕವಳ ಉಗುಳಿ ಬಂದು ಕೇಳಿದ್ರು, ಯಾವ ಡ್ರೈವರು, ಎಲ್ಲಿ ವೇಟು. ನಾನು ಮ್ಯಾಪ್ ತೆಗೆದು ತೋರ್ಸಿದೆ, ಇದು ಕ್ಯಾಲೆ, ಇದು ಡೋವರು, ಮಧ್ಯೆ ಸಮುದ್ರ 33 ಕಿಲೋಮೀಟರ್ ಹತ್ರ. ಸಮುದ್ರದ ಅಗಲ ಕೇಳಿ ಅವರಿಗೇನೂ ಅನ್ನಿಸ್ಲಿಲ್ಲ. "ಅದೆಲ್ಲ ಸರಿ, ಅವ್ನ ಊಟ ಎಲ್ಲಿ?"

ಕೋಡಿಬಾಗದಿಂದ ಸದಾಶಿವಗಡಕ್ಕೆ ಸೇತುವೆ ಆಗೂಕಿಂತ ಮುಂಚೆ ಇದೇ ಕಾಳಿ ನದಿ ದಂಡೆ ಮೇಲೆ ಲಾರಿ ಸಾಲು ನಿಲ್ಲಿಸ್ಕೊಂಡು ಕಾದವ್ರು ಅವ್ರು. ಜಂಗಲ್, ಅಂದ್ರೆ ಗಾಡಿ ದಾಟ್ಸೂ ದೋಣಿ, ಬರ್ಬೇಕು, ನೀರಿನ ಇಳಿತ ಭರತ ನೋಡ್ಬೇಕು, ಬಸ್ಸಿಗೆ ಮೊದಲು ಜಾಗ, ಆಮೇಲೆ ಸಾಹೇಬರ ಜೀಪು, ಲಾರಿ ಕಡೆಗೆ. ಅವರು ಅದನ್ನ ಹೇಳುವಾಗ ದೂರಿನ ದನಿ ಇರೂದಿಲ್ಲ, ಯಾವ ಮನೆಯವರು ಗಂಜಿ ಕೊಡ್ತಿದ್ರು, ಯಾವ ಅಂಗಡಿಯವ ಡ್ರೈವರ್ ಅಂತ ಗೊತ್ತಾದ ಕೂಡ್ಲೇ ಚಾಕ್ಕೆ ಹೆಚ್ಚು ತಗೊಳ್ತಿದ್ದ ಅಂತೆಲ್ಲ ಹೆಸರು ಹಿಡಿದು ಹೇಳ್ತಾರೆ. ಆ ಅಂಗಡಿಯವನ ಮೇಲಿನ ಸಿಟ್ಟು ಮಾತ್ರ ಇಷ್ಟು ವರ್ಷಕ್ಕೂ ಇಳಿದಿಲ್ಲ.

ಸೇತುವೆ ಬಂತು, ನಲವತ್ತು ವರ್ಷ ಚಿಲ್ಲರೆ ಬಾಳ್ತು, 2024ರ ಆಗಸ್ಟಲ್ಲಿ ಮಧ್ಯರಾತ್ರಿ ಮೇಲೆ ಕುಸಿದು ಬಿತ್ತು. ಆಗ ಅದರ ಮೇಲೆ ಇದ್ದದ್ದೂ ಒಂದು ಲಾರಿ, ಒಬ್ಬ ಡ್ರೈವರು. ಮೀನುಗಾರರೆಲ್ಲ ಸೇರಿ ಬದುಕಿಸಿದ್ರು ಪುಣ್ಯಕ್ಕೆ. ಅದಕ್ಕೂ ಮೂರು ವಾರ ಮುಂಚೆ ಶಿರೂರಲ್ಲಿ ಗುಡ್ಡ ಕುಸಿದಾಗ ಚಾ ಕುಡಿಯೂಕೆ ನಿಂತವ್ರಿಗೆ ಆ ಪುಣ್ಯ ಇರ್ಲಿಲ್ಲ. ನಮ್ಮ ಹೈವೇ ಬದಿಯವ್ರಿಗೆ ಡ್ರೈವರ್ ವೇಟ್ ಅಂದ ಕೂಡ್ಲೇ ಇದೆಲ್ಲ ನೆನಪಾಗ್ತದೆ, ಆ ಹುಡುಗನಿಗೆ ಆಗೂದಿಲ್ಲ, ಅವನ ತಪ್ಪೂ ಅಲ್ಲ ಅದು.

ಈಗ ನನ್ನ ಕಸುಬಿನ ಮಾತು ಸ್ವಲ್ಪ. ಫೆರ್ರಿ ಬಂದರಿಗೂ ಕಂಟೇನರ್ ಬಂದರಿಗೂ ಎಲ್ಲರೂ ವೇಗದ ವ್ಯತ್ಯಾಸ ಹೇಳ್ತಾರೆ, ನಾನು ಕೇಳಿದ್ರೆ ವ್ಯತ್ಯಾಸ ಇರೂದು ಜಾಗದಲ್ಲಿ. ಡೋವರ್ ಫೋಟೋ ನೋಡಿ, ಹಿಂದೆ ಬಿಳಿ ಗುಡ್ಡ, ಮುಂದೆ ಸಮುದ್ರ, ನಡುವೆ ಒಂದು ಪಟ್ಟಿಯಷ್ಟು ಜಾಗ. ಅಲ್ಲಿ ಏನೂ ನಿಲ್ಲೂಹಂಗಿಲ್ಲ, ಇಳೀಬೇಕು, ಹೋಗ್ಬೇಕು. ಹಾಗಾಗಿ ಯುರೋಪಿಂದ ಬರೂ ಸಾಮಾನಿಗೆ ಕಸ್ಟಮ್ಸ್ ಪೇಪರ್ ಎಲ್ಲ ಫೆರ್ರಿ ಹತ್ತೂ ಮೊದಲೇ ಹಾಕಿರ್ಬೇಕು, ಅದರಿಂದ ಜಿಎಂಆರ್ ಅಂತ ಒಂದು ನಂಬರ್ ಹುಟ್ತದೆ, ಆ ನಂಬರ್ ಇಲ್ದೆ ಚೆಕ್-ಇನ್‌ಗೆ ಹೋದ ಲಾರಿಯನ್ನ ಹಡಗಿಗೆ ಹತ್ಸೂದಿಲ್ಲ. ಪೇಪರಲ್ಲಿ ಒಂದು ಕೋಡ್ ತಪ್ಪಿದ್ರೆ ತಪ್ಪು ಮಾಡಿದವ ಆಫೀಸಲ್ಲಿ ಎಸಿ ಕೆಳಗೆ ಕೂತಿರ್ತಾನೆ, ಕ್ಯಾಲೆಯ ಪಾರ್ಕಿಂಗಲ್ಲಿ ಕೂರೂದು ಡ್ರೈವರ್.

ಕಂಟೇನರ್ ಬಂದರು ಹಂಗಲ್ಲ. ಫೆಲಿಕ್ಸ್‌ಸ್ಟೋದಲ್ಲಿ ಡಬ್ಬಿ ಇಳಿದ ಮೇಲೂ ಪೇಪರ್ ಹಾಕ್ಬಹುದು, ಕಸ್ಟಮ್ಸ್ ಲೆಕ್ಕದಲ್ಲಿ 90 ದಿನದವರೆಗೂ ಅವಕಾಶ ಇದೆ. ಆದ್ರೆ ಬಂದರಿನ ಬಾಡಿಗೆ, ಶಿಪ್ಪಿಂಗ್ ಲೈನಿನ ಡೆಮರೇಜ್ (ಡಬ್ಬಿ ತಡ ಮಾಡಿದ್ದಕ್ಕೆ ದಂಡ) ಅಷ್ಟು ದಿನ ಕಾಯೂದಿಲ್ಲ, ಫ್ರೀ ಟೈಮ್, ಅಂದ್ರೆ ಪುಕ್ಕಟೆ ಇಟ್ಕೊಳ್ಳೂ ದಿನ, ಮುಗಿದ ಮಾರನೇ ದಿನದಿಂದ ಮೀಟರ್ ಓಡ್ತದೆ. ಓಡ್ಲಿ, ಅಲ್ಲಿ ಕಾಯೂದು ಕಬ್ಬಿಣದ ಡಬ್ಬಿ, ಅದಕ್ಕೆ ಹಸಿವಿಲ್ಲ, ಮನೆಯಿಂದ ಫೋನ್ ಬರೂದಿಲ್ಲ. ಡಬ್ಬಿ ಕಾದ್ರೆ ಬಿಲ್ ಬರ್ತದೆ, ಬಿಲ್ ಬಂದ್ರೆ ಎಲ್ಲರೂ ಓಡಿ ಬರ್ತಾರೆ. ಡ್ರೈವರ್ ಕಾದ್ರೆ ಬರೂ ಬಿಲ್ ಸಣ್ಣದು, ಎಷ್ಟೋ ಸಲ ಬರೂದೇ ಇಲ್ಲ, ಅದಕ್ಕೇ ಶೀಟಲ್ಲಿ ಫೆರ್ರಿ ಅಷ್ಟು ಚಂದ ಕಾಣೂದು.

ಮಾವನಿಗೆ ನಾನು 2020ರ ಡಿಸೆಂಬರ್ ಕಥೆ ಹೇಳಿದೆ. ಕರೋನಾದ ಹೊಸ ತಳಿ ಬಂತು ಅಂತ ಕ್ರಿಸ್‌ಮಸ್ ಎದುರಿಗೆ ಫ್ರಾನ್ಸ್ ಎರಡು ದಿನ ಬಾಗಿಲು ಹಾಕ್ತು, ಡೋವರ್ ಕಡೆ ಸಾವಿರಾರು ಲಾರಿ ನಿಂತ್ವು, ಮ್ಯಾನ್‌ಸ್ಟನ್ ಅನ್ನೋ ಹಳೇ ವಿಮಾನ ನಿಲ್ದಾಣದ ರನ್‌ವೇ ಮೇಲೆ ಬರೀ ಲಾರಿ, ಬಾಗಿಲು ತೆಗೆದ ಮೇಲೂ ಒಬ್ಬೊಬ್ಬರಿಗೇ ಟೆಸ್ಟ್ ಮಾಡಿ ಬಿಡ್ಬೇಕಲ್ಲ, ಹಬ್ಬಕ್ಕೆ ಮನೆಗೆ ಹೊರಟ ಪೋಲೆಂಡ್, ರೊಮೇನಿಯಾ ಕಡೆ ಡ್ರೈವರುಗಳು ಕ್ಯಾಬಿನ್ನಲ್ಲೇ. ಶೌಚಕ್ಕೂ ಸರಿಯಾದ ವ್ಯವಸ್ಥೆ ಇಲ್ಲ. ಆಗ ಊಟ ತಗೊಂಡು ಹೋದವ್ರಲ್ಲಿ ಗ್ರೇವ್ಸೆಂಡ್ ಗುರುದ್ವಾರದವ್ರೂ ಖಾಲ್ಸಾ ಏಡ್ ಅನ್ನೋ ಸಿಖ್ಖರ ಸೇವಾ ಸಂಸ್ಥೆಯವ್ರೂ ಇದ್ರು, ಬಿಸಿಬಿಸಿ ಕಡಲೆ ಸಾರು ಅನ್ನ.

ಮಾವ ಇಷ್ಟಗಲ ಬಾಯಿ ಬಿಟ್ಟು ನಕ್ಕರು. "ಅಂದ್ರೆ ಪಂಜಾಬಿಯವ್ರದ್ದು ಢಾಬಾ ಅಲ್ಲಿವರೆಗೂ ಮುಟ್ಟಿದ್ಯನಾ!"

ಯುರೋಪಲ್ಲಿ ಡ್ರೈವರಿಗೆ ನಾಲ್ಕೂವರೆ ತಾಸು ಓಡ್ಸಿದ್ರೆ ಮುಕ್ಕಾಲು ತಾಸು ಕಡ್ಡಾಯ ರೆಸ್ಟ್, ದಿನಕ್ಕೆ ಒಂಬತ್ತು ತಾಸು ಡ್ರೈವಿಂಗ್, ವಾರದಲ್ಲಿ ಎರಡು ದಿನ ಬೇಕಾದ್ರೆ ಹತ್ತು ಅಂದೆ. "ಯಾರು ನೋಡ್ತಾರೆ?" ಅಂದ್ರು. ಗಾಡಿಯಲ್ಲೇ ಟ್ಯಾಕೋಗ್ರಾಫ್ ಅಂತ ಮಿಷನ್ ಇರ್ತದೆ, ಅದು ಬರ್ಕೊಳ್ತದೆ ಅಂದೆ. ಸುಮ್ನಾದ್ರು ಸ್ವಲ್ಪ ಹೊತ್ತು. ಆಮೇಲೆ ಹೇಳಿದ್ದು ಕೊಂಕಣ ರೈಲ್ವೆಯ ರೋರೋ ವಿಷ್ಯ. 1999ರಲ್ಲಿ ಶುರುವಾದದ್ದು ಅದು, ಲಾರಿಯನ್ನ ಲೋಡ್ ಸಮೇತ ರೈಲಿನ ಮೇಲೆ ಹತ್ಸಿ ಕೊಲಾಡದಿಂದ ಗೋವಾದ ವೆರ್ಣಾ, ಆಮೇಲೆ ಸುರತ್ಕಲ್‌ವರೆಗೂ. ಮಾವ ಅದರಲ್ಲಿ ಬಂದವ್ರು. ಡ್ರೈವರು ಕ್ಲೀನರು ಲಾರಿ ಕ್ಯಾಬಿನ್ನಲ್ಲೇ ಕೂರೂದು, ಕೆಳಗೆ ರೈಲು ಓಡ್ತಿರ್ತದೆ, ಕೈಯಲ್ಲಿ ಸ್ಟೇರಿಂಗ್ ಇದ್ರೂ ತಿರುಗ್ಸೂಕೆ ಏನೂ ಇಲ್ಲ. ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರು, ಅದರೊಳಗೆ ಎದುರಿನ ಲಾರಿಯ ತಾಡಪಾಲ್ ಪಟಪಟ ಹೊಡ್ಕೊಳ್ಳೂ ಸದ್ದು ಬಿಟ್ರೆ ಏನೂ ಕಾಣೂದಿಲ್ಲ. ಕಾರವಾರ ಸ್ಟೇಷನ್ ದಾಟೂವಾಗ ಮನೆ ಇಷ್ಟು ಹತ್ರ, ಇಳಿಯೂಹಂಗಿಲ್ಲ. ಅತ್ತೆ ಒಳಗಿಂದಲೇ, "ಫೋನ್ ಮಾಡ್ಬೇಡ ಅಂದಿದ್ರಾ ಯಾರಾದ್ರೂ?" ಅಂದ್ರು. ಅದಕ್ಕೆ ಮಾವನ ಹತ್ರ ಉತ್ತರ ಇರ್ಲಿಲ್ಲ.

ನಾನೇನು ಕಂಟೇನರ್ ಪಾರ್ಟಿ ಅಲ್ಲ ಮತ್ತೆ. ಅದರದ್ದೂ ಕಥೆ ಇದೆ. 2022ರ ಆಗಸ್ಟಲ್ಲಿ ಫೆಲಿಕ್ಸ್‌ಸ್ಟೋದಲ್ಲಿ ಎಂಟು ದಿನ ಮುಷ್ಕರ, ಬ್ರಿಟನ್ನಿನ ಅತೀ ದೊಡ್ಡ ಕಂಟೇನರ್ ಬಂದರು ಅದು. ಅದಕ್ಕೂ ಹಿಂದಿನ ವರ್ಷ ಹಡಗೂ ಇತ್ತು, ಕ್ರೇನೂ ಇತ್ತು, ಇಳಿಸಿದ ಡಬ್ಬಿ ಒಯ್ಯೂಕೆ ಲಾರಿ ಡ್ರೈವರೇ ಸಾಕಷ್ಟಿಲ್ಲ, ಡಬ್ಬಿ ಮೇಲೆ ಡಬ್ಬಿ ಪೇರ್ಸಿ ಜಾಗ ಸಾಲದೇ ಕೆಲವು ದೊಡ್ಡ ಹಡಗುಗಳನ್ನ ಬೇರೆ ಕಡೆ ಕಳ್ಸಿದ್ರು. 1956ರಲ್ಲಿ ಮ್ಯಾಲ್ಕಮ್ ಮೆಕ್ಲೀನ್ ಅಮೆರಿಕದಲ್ಲಿ ಒಂದು ಹಳೇ ಟ್ಯಾಂಕರ್ ಹಡಗಿನ ಮೇಲೆ 58 ಡಬ್ಬಿ ಇಟ್ಟು ಕಳ್ಸಿ ಈ ಕಂಟೇನರ್ ಧಂದೆ ಶುರು ಮಾಡಿದ್ದು, ಅವನೂ ಮೂಲದಲ್ಲಿ ಲಾರಿ ಓಡ್ಸಿದವನೇ. ಬಂದರಲ್ಲಿ ಲಾರಿ ಹಿಡ್ಕೊಂಡು ಕಾದು ಕಾದು ಬೇಜಾರಾಗೇ ಈ ಯೋಚನೆ ಬಂತು ಅಂತ ಹೇಳ್ತಾರೆ. ಇದನ್ನ ಹೇಳಿದಾಗ ಮಾವನಿಗೆ ಆದ ಖುಷಿ ನೋಡ್ಬೇಕಿತ್ತು, ತಮ್ಮ ಸಂಬಂಧಿಕರಲ್ಲೇ ಯಾರೋ ಮೇಲೆ ಬಂದಂಗೆ.

ಬಂದರು ಆರ್ಸೂದು ನಮ್ಮ ಜಿಲ್ಲೆಗೆ ಹೊಸದಲ್ಲ ಬಿಡಿ. ಅಮೆರಿಕದಲ್ಲಿ ಅಂತರ್ಯುದ್ಧ ಆಗಿ ಹತ್ತಿ ನಿಂತಾಗ ಧಾರವಾಡದ ಹತ್ತಿ ಕುಮಟಾದಿಂದ ಹಡಗು ಹತ್ತಿ ವಿಲಾಯತಿಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರು ಮಾಡ್ತು, ಕಾರವಾರವನ್ನ ದೊಡ್ಡ ಬಂದರು ಮಾಡೂ ಯೋಜನೆಗಳೆಲ್ಲ ಆಗಿನವು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂತು, ವ್ಯಾಪಾರ ಆಚೆ ಹೋಯ್ತು, ಬಂಡಿ ಹೊಡೆಯೂವವ್ರ ಗತಿ ಏನಾಯ್ತು ಅಂತ ಯಾವ ವ್ಯಾಪಾರಿ ಕೇಳಿದ್ನೋ. ಇವತ್ತು ಬೈತಖೋಲ ಬಂದರಿಗೆ ಡಾಂಬರಿನ ಹಡಗು ಬರ್ತದೆ, ಸಿರ್ಸಿಯವ ಕಾಳುಮೆಣಸು ಕಂಟೇನರಲ್ಲಿ ಹೊರದೇಶಕ್ಕೆ ಕಳಿಸ್ಬೇಕು ಅಂದ್ರೆ ಪಣಂಬೂರೋ ಮರ್ಮಗೋವಾವೋ ನ್ಹಾವಾ ಶೇವಾವೋ ನೋಡ್ಬೇಕು, ಎದುರಿಗೇ ಸಮುದ್ರ ಇಟ್ಕೊಂಡು.

ಕಡೆಗೆ ಟೈಲ್ಸ್ ಏನಾಯ್ತು? ನಾನು ಮೂರನೇ ದಾರಿ ಬರೆದು ಕೊಟ್ಟೆ. ಜಾಸ್ತಿ ಪಾಲು 20 ಅಡಿ ಕಂಟೇನರಲ್ಲಿ, 40 ಅಡಿದು ಬೇಡ, ಟೈಲ್ಸ್ ಅಂದ್ರೆ ಡಬ್ಬಿ ಅರ್ಧ ತುಂಬೂದ್ರೊಳಗೆ ತೂಕದ ಲಿಮಿಟ್ ಮುಗೀತದೆ, ಖಾಲಿ ಗಾಳಿಗೆ ದುಡ್ಡು ಕೊಟ್ಟಂಗೆ. ಅರ್ಜೆಂಟ್ ಇರೂ ನಾಲ್ಕೈದು ಪ್ಯಾಲೆಟ್, ಅಂದ್ರೆ ಹಲಗೆ ಮೇಲೆ ಪೇರ್ಸಿ ಕಟ್ಟಿದ ಲೋಡು, ಬೇರೆಯವರ ಸಾಮಾನಿನ ಜೊತೆ ಟ್ರೈಲರಲ್ಲಿ. ಆದ್ರೆ ಡೋವರ್ ಅಲ್ಲ, ಬೆಲ್ಜಿಯಮ್ಮಿನ ಜೀಬ್ರೂಗದಿಂದ ಲಂಡನ್ ಹತ್ರದ ಪರ್ಫ್ಲೀಟ್. ಅಲ್ಲಿ ಡ್ರೈವರ್ ಟ್ರೈಲರ್ ಬಿಟ್ಟು ವಾಪಸ್ ಹೋಗ್ತಾನೆ, ಬರೀ ಟ್ರೈಲರ್ ಹಡಗು ಹತ್ತಿ ಬರ್ತದೆ, ಈಚೆಗೆ ಇನ್ನೊಬ್ಬ ಬಂದು ಕಟ್ಕೊಂಡು ಹೋಗ್ತಾನೆ. ಒಂದು ದಿನ ಹೆಚ್ಚು, ರೇಟು ಹೆಚ್ಚುಕಮ್ಮಿ ಅಷ್ಟೇ. ಮ್ಯಾನೇಜರ್ ಕೇಳಿದ, ಒಂದು ದಿನ ಹೆಚ್ಚಾದ್ರೆ ಕ್ಲೈಂಟಿಗೆ ಏನು ಲಾಭ ಅಂತ. ಡೋವರ್ ಜಾಮಿನ ರಿಸ್ಕ್ ಇಲ್ಲ ಅಂದೆ. ಅದು ಸುಳ್ಳಲ್ಲ. ಮಾವನ ಪ್ರಶ್ನೆಯನ್ನ ಇಂಗ್ಲಿಷಲ್ಲಿ ಮೇಲ್ ಮಾಡೂ ಧೈರ್ಯ ನನಗೆ ಬರ್ಲಿಲ್ಲ, ಬಂದಿದ್ರೂ ಅದನ್ನ ಯಾವ ಕಾಲಮ್ಮಿಗೆ ಹಾಕೂದು.

ಕ್ಲೈಂಟ್ ಕಂಟೇನರಿಗೆ ಹೂಂ ಅಂದ, ಪ್ಯಾಲೆಟ್ ಮಾತ್ರ ಡೋವರಲ್ಲೇ ಬರ್ಲಿ ಅಂದ, ಅವನ ಗಿರಾಕಿಯ ಬಾತ್‌ರೂಮ್ ಅರ್ಧಕ್ಕೆ ನಿಂತಿದೆಯಂತೆ. ಹಾಗಾಗಿ ಈಗ ಆ ಲಾರಿ ಫ್ರಾನ್ಸಲ್ಲಿ ಎಲ್ಲೋ ಇದೆ. ಜಿಎಂಆರ್ ನಾನೇ ಎರಡೆರಡು ಸಲ ಚೆಕ್ ಮಾಡಿ ಕಳ್ಸಿದ್ದೇನೆ, ಟ್ರಾನ್ಸ್‌ಪೋರ್ಟಿನವ್ರಿಗೆ ಊಟ, ಸ್ನಾನದ ವ್ಯವಸ್ಥೆ ಇರೂ ಟ್ರಕ್ ಪಾರ್ಕಲ್ಲೇ ನಿಲ್ಲಿಸಿ, ಖರ್ಚು ನಮ್ಮ ಬಿಲ್ಲಿಗೆ ಹಾಕಿ ಅಂತಲೂ ಬರೆದೆ. ಇದನ್ನ ಅಪ್ರೂವ್ ಮಾಡಿದ್ದು ಯಾರು ಅಂತ ಆ ಹುಡುಗ ಮೆಸೇಜ್ ಹಾಕಿದಾನೆ, ಇನ್ನೂ ಉತ್ತರ ಕೊಟ್ಟಿಲ್ಲ.

ಇದರ ಮಧ್ಯೆ ಅದೇ ಕ್ಲೈಂಟ್ ಮೊರ್ಬಿ ಟೈಲ್ಸಿನ ರೇಟ್ ಕೇಳಿದಾನೆ, ಗುಜರಾತಿನ ಮುಂದ್ರಾ ಬಂದರಿಂದ. ಅಲ್ಲಿಂದ ಆದ್ರೆ ಫೆರ್ರಿ ಮಾತೇ ಇಲ್ಲ, ಹಡಗು ಸೂಯೆಜ್ ದಾಟ್ತದೋ ಆಫ್ರಿಕಾ ಸುತ್ತಿ ಬರ್ತದೋ ಅಷ್ಟೇ ಪ್ರಶ್ನೆ, ಸುತ್ತಿ ಬಂದ್ರೆ ಹತ್ತು ಹದಿನೈದು ದಿನ ಹೆಚ್ಚು ಹಿಡೀರಿ. ಲೈನಿನವ್ರಿಗೆ ಫ್ರೀ ಟೈಮ್ 14 ದಿನ ಕೊಡಿ ಅಂತ ಮೇಲ್ ಹಾಕಿದ್ದೇನೆ, ಏಳು ಕೊಟ್ರೆ ದೊಡ್ಡದು.